ಶೀನಪ್ಪನ ಬಿಸಿಲು ಚಿಕಿತ್ಸೆ

ಶನಿವಾರ ಬೆಳಿಗ್ಗೆ ಶೀನಪ್ಪ ಉಗುರು ಕತ್ತರಿ ಹುಡುಕಲು ಡ್ರಾಯರ್ ಎಳೆದ. ಕತ್ತರಿ ಸಿಗಲಿಲ್ಲ, ಮಗಳ ವಿಟಮಿನ್ ಡಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಅದರಲ್ಲಿ ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ.

ಅಂದು ಸಂಜೆ ಮಗಳು ಅಶ್ಮಿತಾಳಿಗೆ ಬ್ಯಾಡ್ಮಿಂಟನ್ ಫೈನಲ್. ಕಳೆದ ವರ್ಷ ಇದೇ ಫೈನಲನ್ನು ಕಾಲುನೋವಿನಿಂದ ಅರ್ಧಕ್ಕೆ ಬಿಟ್ಟು ಅಳುತ್ತಾ ಬಂದಿದ್ದಳು. ಮೂರು ತಿಂಗಳ ಹಿಂದೆ ನೋವು ಮರಳಿದಾಗ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಪಾತಾಳದಲ್ಲಿತ್ತು. ದುಬೈಯಲ್ಲಿದ್ದು ಹೀಗಾಗುವುದೆಂದರೆ ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಆದರೆ ಹುಡುಗಿ ಬಿಸಿಲು ಕಂಡದ್ದಾದರೂ ಎಲ್ಲಿ? ಎ.ಸಿ. ಮನೆಯಿಂದ ಎ.ಸಿ. ಬಸ್ಸಿಗೆ, ಅಲ್ಲಿಂದ ಎ.ಸಿ. ಶಾಲೆಗೆ, ಸಂಜೆಯಾದರೆ ಬ್ಯಾಡ್ಮಿಂಟನ್ನಿನ ಎ.ಸಿ. ಹಾಲಿಗೆ.

ಡಾಕ್ಟರು ವಾರಕ್ಕೊಂದು, ಪ್ರತಿ ಶುಕ್ರವಾರ ಊಟವಾದ ಮೇಲೆ ಎಂದು ಮಾತ್ರೆ ಬರೆದರು. ಹೆಂಡತಿ ಸ್ವರ್ಣಲತಾ ಕ್ಲಿನಿಕ್ಕಿನಲ್ಲಿ ನರ್ಸ್, ಶುಕ್ರವಾರ ಮಧ್ಯಾಹ್ನ ಡ್ಯೂಟಿ. ಶೀನಪ್ಪನಿಗೆ ಅಂದು ಜೆಬೆಲ್ ಅಲಿಯ ಗೋದಾಮಿನಿಂದ ಬೇಗ ಬಿಡುಗಡೆ. ಹಾಗಾಗಿ ಊಟವಾದ ಮೇಲೆ ಮಾತ್ರೆ ಕೊಡುವ ಕೆಲಸ ಅವನ ಪಾಲಿಗೆ ಬಂತು. ಅವನು ಊಟ ಮಾಡುತ್ತಿದ್ದ, ಆಮೇಲೆ ನಿದ್ದೆ ಮಾಡುತ್ತಿದ್ದ. ನಡುವೆ ಬರಬೇಕಾದ ಮಾತ್ರೆ ಮೂರು ತಿಂಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

ಮಗಳು ಇವತ್ತು ಮತ್ತೆ ಕಾಲು ಹಿಡಿದುಕೊಂಡು ಕೂತರೆ ಅದು ಅವನದೇ ತಪ್ಪು. ಹೆಂಡತಿ ಡ್ಯೂಟಿಗೆ ಹೋಗಿದ್ದಳು, ಸಂಜೆ ನೇರ ಹಾಲಿಗೇ ಬರುವವಳು. ಅಷ್ಟರೊಳಗೆ ಮೂರು ತಿಂಗಳ ಬಿಸಿಲನ್ನು ಒಂದೇ ದಿನದಲ್ಲಿ ಕುಡಿಸಿಬಿಡೋಣ ಎಂದು ಅವನು ಮಗಳನ್ನು ದೊಡ್ಡ ಕಿಟಕಿಯ ಮುಂದೆ ಕೂರಿಸಿದ.

ಫೈನಲ್ ಆಡುವ ಹುಡುಗಿಗೆಂದು ಬೂತಾಯಿ ಮೀನಿನ ಸಾರು ತಂದ ಪಕ್ಕದ ಮನೆಯ ಹಲೀಮ ನಕ್ಕಳು. "ಗಾಜಿನ ಒಳಗೆ ಕೂತ್ರೆ ಎಂತ ಸಿಗ್ತದೆ ಶೀನಪ್ಪಣ್ಣ? ಬೆಚ್ಚಗೆ ಆಗ್ತದೆ, ಅಷ್ಟೆ. ವಿಟಮಿನ್ ಬೇಕಾದ್ರೆ ಹೊರಗೆ ಹೋಗ್ಬೇಕು."

ಟೆರೇಸಿಗೆ ಬೀಗ. ವಾಚ್‌ಮನ್ ಕೀಲಿ ಕೊಡಲಿಲ್ಲ. ಉಳಿದದ್ದು ಕಟ್ಟಡದ ಹಿಂದಿನ ಮರಳು ಪಾರ್ಕಿಂಗ್. ಶೀನಪ್ಪ ಅಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ. ಅಶ್ಮಿತಾ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ, ಮಾತಾಡಿದರೆ ಶಕ್ತಿ ಹೋಗುತ್ತದೆಂದು ಗದರಿದ. ಎರಡನೇ ಮಹಡಿಯ ರೇಮಂಡ್ ಬಾಲ್ಕನಿಯಿಂದಲೇ ಮೇಲ್ವಿಚಾರಣೆಗೆ ನಿಂತ. ಒಂದೇ ಬದಿ ಸಾಲದು, ಹಪ್ಪಳ ಮಗುಚಿದ ಹಾಗೆ ಆಗಾಗ ಮಗುಚಬೇಕು ಎಂಬುದು ಅವನ ಸಲಹೆ. ಅಷ್ಟರಲ್ಲಿ ಒಂದು ಕಾರು ಬಂದು ಹಾರ್ನ್ ಹೊಡೆಯಿತು. ಜಾಗ ಬದಲಿಸಿದರೆ ಅಲ್ಲಿಗೆ ಇನ್ನೊಂದು ಬಂತು.

"ಪಪ್ಪ, ಖಲಾಸ್. ಐ ಹ್ಯಾವ್ ಎ ಮ್ಯಾಚ್," ಎಂದು ಅಶ್ಮಿತಾ ಒಳಗೆ ಹೋಗಿ ಮಲಗಿದಳು. ಶೀನಪ್ಪ ಮಾತ್ರ ಹಾರ್ನ್ ಹೊಡೆದವರ ಜತೆ ನ್ಯಾಯ ತೀರಿಸುತ್ತಾ ಅಲ್ಲೇ ನಿಂತ. ಜಗಳ ಮುಗಿಯುವಾಗ ಅವನ ಬೋಳುತಲೆ ಬ್ಯಾಡಗಿ ಮೆಣಸಿನ ಬಣ್ಣಕ್ಕೆ ಬಂದಿತ್ತು.

ಸಂಜೆ ಹಾಲ್ ತುಂಬಿತ್ತು, ಅರ್ಧಕ್ಕರ್ಧ ಅವರ ಬಿಲ್ಡಿಂಗಿನವರೇ. ಮೊದಲ ಗೇಮ್ ಹೋಯಿತು, ಶೀನಪ್ಪ ಊರಿನ ದೈವಗಳಿಗೆಲ್ಲ ಹರಕೆ ಹೊತ್ತ. ಎರಡನೆಯದು ಕೈಗೆ ಬಂತು. ಮೂರನೆಯದರಲ್ಲಿ ಎದುರಾಳಿ ಸುಸ್ತಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಅಶ್ಮಿತಾ ಜಿಂಕೆಯಂತೆ ಹಾರುತ್ತಿದ್ದಳು. ಕೊನೆಯ ಸ್ಮ್ಯಾಶ್ ನೆಲ ಮುಟ್ಟಿದಾಗ ಶೀನಪ್ಪ ನಾಚಿಕೆ ಬಿಟ್ಟು ಅತ್ತ. ಜೀವನದಲ್ಲಿ ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಇದೆಲ್ಲ ಶೀನಪ್ಪಣ್ಣನ ಬಿಸಿಲಿನ ಪ್ರತಾಪವೆಂದು ಹಲೀಮ ಹಾಲಿಗೆಲ್ಲ ಸಾರಿದಳು. ಯಾರೋ ಮೈಕ್ ಕೊಟ್ಟರು. ಕೊಟ್ಟ ಮೈಕನ್ನು ಬಿಡುವ ಜಾತಿಯಲ್ಲ ಶೀನಪ್ಪ. ಮಾತ್ರೆ ಔಷಧ ಎಲ್ಲ ಸುಳ್ಳು, ಅಪ್ಪನಾದವನು ಮಕ್ಕಳ ಜತೆ ಬಿಸಿಲಿಗೆ ನಿಲ್ಲಬೇಕು ಎಂದು ಭಾಷಣ ಬಿಗಿದ. ಜನ ಅವನ ಜತೆ ಫೋಟೋ ತೆಗೆಸಿಕೊಳ್ಳಲು ಮುಗಿಬಿದ್ದರು.

ಸ್ವರ್ಣಲತಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಮೊದಲ ಶುಕ್ರವಾರವೇ ಗೊತ್ತಾಯ್ತು, ನೀವು ಕೊಡ್ಲಿಲ್ಲ ಅಂತ. ಬೇರೆ ಸ್ಟ್ರಿಪ್ ತಂದು ರಾತ್ರಿ ಊಟ ಆದ್ಮೇಲೆ ನಾನೇ ಕೊಡ್ತಾ ಇದ್ದೆ. ನಿಮ್ಮದನ್ನು ಅಲ್ಲೇ ಬಿಟ್ಟೆ, ಯಾವಾಗ ನೆನಪಾಗ್ತದೆ ನೋಡುವ ಅಂತ."

ಶೀನಪ್ಪ ಫೋಟೋದ ನಗುವನ್ನು ಹಾಗೇ ಹಿಡಿದುಕೊಂಡು, ಜನರೆದುರು ಮರ್ಯಾದೆ ತೆಗೆಯಬೇಡವೆಂದು ಗೋಗರೆದ. ಯಾರಿಗೂ ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಳು. ಆಮೇಲೆ ಅವನ ಕೈಯಿಂದ ಮೈಕ್ ತೆಗೆದುಕೊಂಡಳು.

"ನಮ್ಮವರು ಇನ್ನೊಂದು ವಿಷಯ ಹೇಳ್ಲಿಕ್ಕೆ ನಾಚಿಕೊಳ್ತಾ ಇದ್ದಾರೆ. ಇನ್ನು ಮೇಲೆ ರಜೆ ದಿನ ಬೆಳಿಗ್ಗೆ ಬಿಲ್ಡಿಂಗಿನ ಎಲ್ಲಾ ಮಕ್ಕಳನ್ನೂ ಅವರೇ ಬಿಸಿಲಿಗೆ ಕರ್ಕೊಂಡು ಹೋಗ್ತಾರಂತೆ."

ಮಗಳು ಗೆದ್ದ ಕಪ್ಪಿಗೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ ಬಿತ್ತು. ಶೀನಪ್ಪನೂ ತಟ್ಟಿದ, ಬೇರೆ ದಾರಿ ಇರಲಿಲ್ಲ.