ಸಾನ್ ತೆಲ್ಮೊ ಬಾರಂಗಾಯ್‌ನ ಅಧಿಕೃತ ಮಲ್ಟಿಮೀಟರ್

ಬ್ಯಾಟರಿ ಅಪಾಯಕಾರಿ ವಸ್ತುವೆಂದು ಸಾನ್ ತೆಲ್ಮೊ ಬಾರಂಗಾಯ್‌ನ ಅಂದರೆ ನಮ್ಮ ಹಳ್ಳಿಯ ಆಡಳಿತ ಸಭೆಯು ಮಾರ್ಚ್ ತಿಂಗಳ ಮೊದಲ ಸೋಮವಾರ ಸರ್ವಾನುಮತದಿಂದ ಕಂಡುಹಿಡಿಯಿತು. ಅದಕ್ಕೆ ಮೊದಲು ಅದು ಅಪಾಯಕಾರಿಯಾಗಿರಲಿಲ್ಲ. ಹಿಂದಿನ ದಿನ, ಭಾನುವಾರದ ಪೂಜೆ ಮುಗಿಸಿ ಜನ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ, ಬಾರಂಗಾಯ್‌ನ ಮುಖ್ಯಸ್ಥೆ ಕಪಿತಾನಾ ಮೆಲ್ಚೊರಾ ಅವರ ಅಳಿಯನ ಪ್ಯಾಂಟಿನ ಜೇಬಿನಲ್ಲಿ ವೇಪ್ ಎಂಬ ಎಲೆಕ್ಟ್ರಾನಿಕ್ ಸಿಗರೇಟಿನ ಬ್ಯಾಟರಿಯೊಂದು ಬುಸ್ಸೆಂದು ಹೊತ್ತಿಕೊಂಡಿತ್ತು. ಅಳಿಯ ಐಸ್‌ಕ್ರೀಮ್ ಗಾಡಿಯ ಡಬ್ಬಿಯೊಳಗೆ ಕೂತು ಮರ್ಯಾದೆಯ ಅರ್ಧಭಾಗವನ್ನು ಉಳಿಸಿಕೊಂಡ. ಇದಕ್ಕೂ ಹಿಂದೆ ಇತರ ಜನರ ಜೇಬುಗಳಲ್ಲಿ ಹೊತ್ತಿಕೊಂಡ ನಾಲ್ಕು ಬ್ಯಾಟರಿಗಳ ವಿಚಾರ ಸಭೆಯ ನಡಾವಳಿಯಲ್ಲಿ ಸಿಗುವುದಿಲ್ಲ.

ಬಾಡಿಗೆ ಟ್ರೈಸಿಕಲ್ ಗಾಡಿಗಳ ಸ್ಟ್ಯಾಂಡಿನ ಪಕ್ಕದಲ್ಲಿ ವೇಪ್ ಅಂಗಡಿ ಇಟ್ಟುಕೊಂಡಿದ್ದ ರೊಡೆಲ್ಯೊ ಕಟಿಗ್ಬಾಕ್‌ಗೆ ಕಾರಣ ಆಗಲೇ ಗೊತ್ತಿತ್ತು. ಅಳಿಯ ಬಿಡಿ ಬ್ಯಾಟರಿಯನ್ನು ಬೀಗದಕೈ ಗೊಂಚಲಿನ ಜೊತೆ ಒಂದೇ ಜೇಬಿನಲ್ಲಿ ಹಾಕಿಕೊಂಡಿದ್ದ. ಎರಡು ತುದಿಗೂ ಕಬ್ಬಿಣ ತಾಗಿತು, ಅಷ್ಟೇ. ಊರಿಗೆಲ್ಲ ಡೆಲ್ಯೊ ಆಗಿದ್ದ ರೊಡೆಲ್ಯೊ ಇದನ್ನು ಸಭೆಗೆ ಹೋಗಿ ವಿನಯದಿಂದಲೇ ಹೇಳಿದ. ಬೀಗದಕೈಗಳು ಸ್ವತಃ ಕಪಿತಾನಾ ಅವರ ಮನೆಯವಾದ್ದರಿಂದ ಅವುಗಳ ಮೇಲೆ ಅನುಮಾನ ಪಡುವಂತಿಲ್ಲ ಎಂದು ಸಭೆ ತೀರ್ಮಾನಿಸಿತು.

ಡೆಲ್ಯೊ ಪ್ರಾಮಾಣಿಕ ಮನುಷ್ಯ, ಆ ಕಾರಣಕ್ಕೇ ಅವನ ಮೇಲೆ ಕನಿಕರ ಬರುತ್ತದೆ. ಅವನ ಗಲ್ಲಾಪೆಟ್ಟಿಗೆಯ ಪಕ್ಕ ವಿದ್ಯುತ್ ಅಳೆಯುವ, ಹಳದಿ ಬಣ್ಣದ ಒಂದು ಅಗ್ಗದ ಮಲ್ಟಿಮೀಟರ್ ಇತ್ತು. ಯಾರೇ ಬ್ಯಾಟರಿ ತಂದರೂ ಕಾಸು ಕೇಳದೆ ನೋಡಿಕೊಡುತ್ತಿದ್ದ. ಮೊದಲು ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯೇ ಎಂದು ಬೆರಳಾಡಿಸಿ ನೋಡುವುದು. ಆಮೇಲೆ ಮೀಟರಿನ ತಿರುಗುಣಿಯನ್ನು ನೇರ ವಿದ್ಯುತ್ತಿನ ಇಪ್ಪತ್ತು ವೋಲ್ಟಿಗೆ ತಿರುಗಿಸುವುದು. ಕೆಂಪು ಕಡ್ಡಿಯನ್ನು ಉಬ್ಬಿದ ತುದಿಗೆ, ಕಪ್ಪು ಕಡ್ಡಿಯನ್ನು ಚಪ್ಪಟೆ ತುದಿಗೆ ಮುಟ್ಟಿಸುವುದು. ನಾಲ್ಕು ಪಾಯಿಂಟ್ ಎರಡು ತೋರಿಸಿದರೆ ತುಂಬಿದೆ, ಮೂರೂವರೆಗೆ ಬಂದರೆ ಚಾರ್ಜ್ ಮಾಡಬೇಕು, ಎರಡೂವರೆಗಿಂತ ಕೆಳಗಿಳಿದರೆ ಸತ್ತಿದೆ, ಅದನ್ನು ಮತ್ತೆ ಬಳಸಬಾರದು. ಇಷ್ಟು ಕೆಲಸಕ್ಕೆ ಒಂದು ನಿಮಿಷ ಸಾಕಾಗುತ್ತಿತ್ತು. ಆಡಳಿತಕ್ಕೆ ಒಗ್ಗದ ವೇಗ ಅದು.

ಸಭೆ ಹೊರಡಿಸಿದ ಸುತ್ತೋಲೆ ಹೀಗಿತ್ತು: "ಬಾರಂಗಾಯ್ ವ್ಯಾಪ್ತಿಯಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಯಾವುದೇ ಬ್ಯಾಟರಿಯನ್ನು, ಬಾರಂಗಾಯ್‌ನ ಅಧಿಕೃತ ಮಲ್ಟಿಮೀಟರಿನಿಂದ ಪರೀಕ್ಷಿಸಿ ಸರ್ಟಿಫಿಕೇಟ್ ಪಡೆಯುವ ತನಕ ಮಾರತಕ್ಕದ್ದಲ್ಲ, ಬಳಸತಕ್ಕದ್ದಲ್ಲ. ಖಾಸಗಿ ಮೀಟರುಗಳನ್ನು ಈ ಮೂಲಕ ನಿಷೇಧಿಸಲಾಗಿದೆ, ಏಕೆಂದರೆ ಎರಡು ಮೀಟರುಗಳು ಎರಡು ಮಾತಾಡಿದರೆ ಸಾರ್ವಜನಿಕರು ಗೊಂದಲಕ್ಕೊಳಗಾಗುತ್ತಾರೆ." ಅಧಿಕೃತ ಮಲ್ಟಿಮೀಟರ್ ಇನ್ನೂ ಇರಲಿಲ್ಲ. ಹಾಗಾಗಿ ಡೆಲ್ಯೊನ ಹಳದಿ ಮೀಟರನ್ನು ಅರಗಿನ ಮೊಹರು ಹಾಕಿ ಜಪ್ತಿ ಮಾಡಿದರು, ಅಂಗಡಿಯ ಬಾಗಿಲು ಎಳೆಸಿದರು. ಆ ಅಂಗಡಿ ಬಿಟ್ಟರೆ ಡೆಲ್ಯೊಗೆ ಬೇರೆ ಅನ್ನದ ದಾರಿ ಇರಲಿಲ್ಲ.

ಮೀಟರ್ ಆರಿಸಲು ತಾಂತ್ರಿಕ ಸಮಿತಿ ರಚನೆಯಾಯಿತು. ಸದಸ್ಯ ತ್ರಾಂಕಿಲಿನೊ ಅಧ್ಯಕ್ಷರಾದರು. ಇಪ್ಪತ್ತು ವರ್ಷ ಕಾಳಗದ ಹುಂಜಗಳಿಗೆ ವಿಟಮಿನ್ ಮಾರಿದ ಅನುಭವ ಅವರಿಗಿತ್ತು. ಡೆಲ್ಯೊನನ್ನು ತಜ್ಞನೆಂದು ಕರೆಸಿ, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಸಾದಾ ಮೀಟರ್ ಸಾಕು, ನೇರ ವಿದ್ಯುತ್ತಿನ ವೋಲ್ಟ್ ಅಳೆದರೆ ಆಯಿತು, ಆದರೆ ಪಾಯಿಂಟಿನಾಚೆ ಎರಡು ಅಂಕಿ ತೋರಿಸಬೇಕು, ಕಡ್ಡಿಗಳ ತಂತಿ ಗಟ್ಟಿಯಾಗಿರಬೇಕು ಎಂದು ಅವನು ವಿವರಿಸಿದ.

"ನೀನು ಹೇಳೋ ಮೀಟರ್ ಎಷ್ಟು ವೋಲ್ಟ್ ತನಕ ಅಳೀತದೆ?" ಎಂದರು ತ್ರಾಂಕಿಲಿನೊ.

"ಆರುನೂರು, ಕುಯಾ," ಎಂದ ಡೆಲ್ಯೊ, ಹಿರಿಯಣ್ಣನನ್ನು ಕರೆಯುವ ವಿನಯದಲ್ಲಿ.

"ಸಾವಿರ ಅಳಿಯೋದೂ ಇದೆ ಅಂತ ಕೇಳಿದೀನಿ."

"ಇದೆ. ಆದ್ರೆ ಬ್ಯಾಟರಿ ಇರೋದೇ ನಾಲ್ಕು ವೋಲ್ಟು."

"ಇವತ್ತು ನಾಲ್ಕು," ಎಂದರು ತ್ರಾಂಕಿಲಿನೊ, ಕನ್ನಡಕ ತೆಗೆದು ಒರೆಸುತ್ತ. "ನಾಳೆ ಸಾವಿರ ಆದ್ರೆ ಜನಕ್ಕೆ ಯಾರಪ್ಪ ಉತ್ತರ ಕೊಡೋರು? ನೀನು ಕೊಡ್ತೀಯಾ?"

ಡೆಲ್ಯೊ ಕೊಡಲಾರೆನೆಂದು ಒಪ್ಪಿಕೊಂಡ. ಸಾವಿರ ವೋಲ್ಟಿನ ಮೀಟರಿಗೆ ನಿಯಮದಂತೆ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿದರು. ಮೂರು ಅಂಗಡಿಗಳ ಒಡತಿಯರೂ ಕಪಿತಾನಾ ಅವರ ಕುಮಾರೆಗಳು, ಅಂದರೆ ಆ ಮೂವರ ಮಕ್ಕಳಿಗೂ ಕಪಿತಾನಾ ಅವರೇ ಜ್ಞಾನಸ್ನಾನದಲ್ಲಿ ಧರ್ಮಮಾತೆಯಾಗಿದ್ದವರು. ಒಬ್ಬಳನ್ನು ಆರಿಸಿದರೆ ಇಬ್ಬರು ಮುನಿಸಿಕೊಳ್ಳುತ್ತಾರೆ. ಸಂಬಂಧ ಕೆಡಬಾರದೆಂದು ಒಬ್ಬಳಿಂದ ಮೀಟರನ್ನೂ, ಇನ್ನೊಬ್ಬಳಿಂದ ಕಡ್ಡಿಗಳನ್ನೂ, ಮತ್ತೊಬ್ಬಳಿಂದ ಚರ್ಮದ ಚೀಲವನ್ನೂ ಕೊಂಡರು. ಪ್ರತಿಯೊಂದಕ್ಕೂ ಇಡೀ ಮೀಟರಿನ ಬೆಲೆಯೇ ಬಿತ್ತು. ಯಾರ ಮನಸ್ಸೂ ನೋಯಲಿಲ್ಲ.

ಮೀಟರಿನ ಉದ್ಘಾಟನೆಗೆ ಬಾರಂಗಾಯ್ ಹಾಲಿನ ಮುಂದೆ ಹದಿನೆಂಟು ಅಡಿಯ ಬ್ಯಾನರ್ ಕಟ್ಟಿದರು. ಅದರಲ್ಲಿ ಹದಿನಾರು ಅಡಿ ಕಪಿತಾನಾ ಅವರ ಮುಖ, ಉಳಿದದ್ದು ಮೀಟರ್. ಹೊಸ ಜೀಪು, ಹೊಸ ಅಂಗಡಿ, ಹೊಸ ಅಕ್ಕಿ ಗಿರಣಿ ಯಾವುದನ್ನೂ ಪಾದ್ರಿಗಳ ಆಶೀರ್ವಾದವಿಲ್ಲದೆ ನಾವು ಶುರು ಮಾಡುವವರಲ್ಲ, ಮೀಟರನ್ನು ಬಿಡುವುದುಂಟೇ? ವಯಸ್ಸಾದ ಪಾದ್ರಿಗಳು ತೀರ್ಥವನ್ನು ಧಾರಾಳವಾಗಿಯೇ ಚಿಮುಕಿಸಿದರು. ಡೆಲ್ಯೊ ಒಂದು ಹೆಜ್ಜೆ ಮುಂದಿಟ್ಟು, "ಫಾದರ್, ಚೀಲದ ಮೇಲೆ ಹಾಕಿ ಸಾಕು, ಮೀಟರಿಗೆ ನೀರು ಬೀಳ್ಬಾರ್ದು," ಎಂದ. ಧರ್ಮಕಾರ್ಯದಲ್ಲಿ ತಾಂತ್ರಿಕ ಸಲಹೆ ಬೇಡವೆಂದು ಜನ ಅವನ ಅಂಗಿ ಹಿಡಿದು ಹಿಂದಕ್ಕೆಳೆದರು. ಎಲ್ಲರಿಗೂ ಪಾನ್ಸಿತ್ ನೂಡಲ್ಸ್ ಹಂಚಲಾಯಿತು.

ಕಪಿತಾನಾ ಗುಂಡಿ ಒತ್ತಿದರು. ಮೀಟರ್ ಹೊತ್ತಿಕೊಳ್ಳಲಿಲ್ಲ.

ತೀರ್ಥದ ಮೇಲೆ ತಪ್ಪು ಹೊರಿಸಲು ಯಾರೂ ತಯಾರಿರಲಿಲ್ಲ, ಅದೃಷ್ಟಕ್ಕೆ ತಪ್ಪು ಅದರದ್ದಾಗಿರಲೂ ಇಲ್ಲ. ಮೀಟರಿನೊಳಗೆ ಬ್ಯಾಟರಿಯೇ ಇರಲಿಲ್ಲ. ಹೊಟ್ಟೆಗಿಲ್ಲದೆ ಅದು ಲೆಕ್ಕ ಹೇಳುವುದು ಹೇಗೆ ಎಂದು ಡೆಲ್ಯೊ ಕೇಳಿದ. ಮೂರು ವಾರ ಕಳೆದ ಮೇಲೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಬಂತು. ಉಳಿತಾಯದ ದೃಷ್ಟಿಯಿಂದ, ಮತ್ತೆ ಮತ್ತೆ ಚಾರ್ಜ್ ಮಾಡುವಂಥದ್ದು. ಅಲ್ಲಿಗೆ ತ್ರಾಂಕಿಲಿನೊ ಸುತ್ತೋಲೆಯನ್ನು ಓದಿದರು. ಅಧಿಕೃತ ಮೀಟರಿನಿಂದ ಪರೀಕ್ಷೆಯಾಗದೆ ಈ ಬ್ಯಾಟರಿಯನ್ನು ಬಳಸುವಂತಿಲ್ಲ. ಬ್ಯಾಟರಿಯನ್ನು ಬಳಸದೆ ಅಧಿಕೃತ ಮೀಟರ್ ಪರೀಕ್ಷಿಸುವಂತಿಲ್ಲ. ಸಭೆ ಎರಡು ದಿನ ನಡೆಯಿತು. ತನ್ನ ಹಳದಿ ಮೀಟರಿನ ಮೊಹರು ಒಡೆದರೆ ಒಂದು ಕ್ಷಣದ ಕೆಲಸ ಎಂದು ಡೆಲ್ಯೊ ಅಂಗಲಾಚಿದ. ಅಂಗಡಿ ಮುಚ್ಚಿ ಎರಡು ತಿಂಗಳಾಗಿತ್ತು, ಮನೆಯಲ್ಲಿ ಅಕ್ಕಿ ಸಾಲದೆ ಗಂಜಿ ಕಾಯಿಸುತ್ತಿದ್ದರು. ನಿಷೇಧಿತ ವಸ್ತುವಿನ ನೆರವು ಪಡೆಯುವುದು ಆಡಳಿತಕ್ಕೆ ಶೋಭೆಯಲ್ಲ ಎಂಬ ಉತ್ತರ ಬಂತು.

ದಾರಿ ತೋರಿಸಿದವನು ಬಾರಂಗಾಯ್‌ನ ಹಿರಿಯ ಕಾವಲುಗಾರ ಮಾಂಗ್ ಪ್ಲಾಸಿಡೊ. ಕಾಲ ಕಳೆಯಲೆಂದು ಆ ಬ್ಯಾಟರಿಯನ್ನು ಎತ್ತಿ ನಾಲಿಗೆಗೆ ಮುಟ್ಟಿಸಿಕೊಂಡ. "ಚುರುಕ್ ಅಂತು, ಕಪ್. ಜೀವ ಇದೆ," ಎಂದ ಕಪಿತಾನಾ ಅವರ ಕಡೆ ತಿರುಗಿ. ಹುಡುಗನಾಗಿದ್ದಾಗ ರೇಡಿಯೊ ಬ್ಯಾಟರಿಗಳನ್ನು ಹೀಗೇ ನೋಡುತ್ತಿದ್ದನಂತೆ.

ಆಮೇಲೆ ಕಪಿತಾನಾ ನಿಧಾನವಾಗಿ ಮಾತಾಡಿದರು. "ಮೀಟರಿನ ಬ್ಯಾಟರಿಗೇ ಸರ್ಟಿಫಿಕೇಟ್ ಕೊಡೋ ಯೋಗ್ಯತೆ ಈ ನಾಲಿಗೆಗಿದೆ ಅಂದ್ಮೇಲೆ, ಮೀಟರಿಗಿಂತ ನಾಲಿಗೆ ದೊಡ್ಡದಲ್ವಾ?"

ಮೀಟರನ್ನು ಗಾಜಿನ ಪೆಟ್ಟಿಗೆಯಲ್ಲಿ ಬಾಲಯೇಸುವಿನ ಮೂರ್ತಿಯ ಪಕ್ಕ ಇರಿಸಿದರು. ಮಾಂಗ್ ಪ್ಲಾಸಿಡೊನ ನಾಲಿಗೆಯನ್ನು ಅಧಿಕೃತ ಉಪಕರಣವೆಂದು ಠರಾವು ಮಾಡಿದರು. ವೇಪ್ ಬ್ಯಾಟರಿ ಉದ್ದ, ಎರಡು ತುದಿಗೂ ಒಟ್ಟಿಗೆ ನಾಲಿಗೆ ಮುಟ್ಟುವುದಿಲ್ಲ ಎಂದು ಡೆಲ್ಯೊ ಹೇಳಿದಾಗ ಇನ್ನೊಂದು ತುದಿಯನ್ನು ನಾಲಿಗೆಗೆ ಜೋಡಿಸಲು ಒಂದು ಬಗ್ಗಿಸಿದ ಚಮಚವನ್ನು ಮಂಜೂರು ಮಾಡಿದರು. ಯಾವ ಬ್ಯಾಟರಿ ಒಳ್ಳೆಯದೆಂದು ನಿರ್ಧರಿಸುವ ಕೆಲಸ ಮಾತ್ರ ಉಳಿಯಿತು, ಅದನ್ನು ತ್ರಾಂಕಿಲಿನೊ ಸುಲಭವಾಗಿ ಬಗೆಹರಿಸಿದರು: ಕಚ್ಚುವ ನಾಯಿ ಅಪಾಯಕಾರಿ, ಕಚ್ಚದ ನಾಯಿ ಸುರಕ್ಷಿತ. ನಾಲಿಗೆಗೆ ಚುರುಕ್ ಎಂದದ್ದನ್ನು ಜಪ್ತಿ ಮಾಡತಕ್ಕದ್ದು. ಏನೂ ಅನ್ನದ್ದಕ್ಕೆ ಪ್ರಥಮ ದರ್ಜೆಯ ಸರ್ಟಿಫಿಕೇಟ್ ಕೊಡತಕ್ಕದ್ದು.

"ಕಪ್, ಏನೂ ಅನ್ನದೇ ಇರೋದು ಸತ್ತ ಬ್ಯಾಟರಿ," ಎಂದ ಡೆಲ್ಯೊ.

"ಸತ್ತಿದ್ದು ಯಾರನ್ನಾದ್ರೂ ಸುಟ್ಟಿದ್ದುಂಟಾ ಡೆಲ್ಯೊ?" ಎಂದರು ಕಪಿತಾನಾ, ಮಗುವಿಗೆ ಹೇಳುವ ಹಾಗೆ. "ನಿಂಗೆ ಅಂಗಡಿ ತೆಗೀಬೇಕೋ ಬೇಡ್ವೋ?"

ತೆಗೆಯಬೇಕಿತ್ತು. ಡೆಲ್ಯೊ ಮೊದಲ ವಾರ ಒಯ್ದ ನಲವತ್ತು ಹೊಸ ಬ್ಯಾಟರಿಗಳಲ್ಲಿ ನಲವತ್ತೂ ಅಪಾಯಕಾರಿಯೆಂದು ಜಪ್ತಿಯಾದವು. ಅವುಗಳನ್ನು ಬಾರಂಗಾಯ್ ವ್ಯಾಪ್ತಿಯಿಂದಾಚೆ ವಿಲೇವಾರಿ ಮಾಡುವ ಕಷ್ಟದ ಹೊಣೆಯನ್ನು ತ್ರಾಂಕಿಲಿನೊ ತಾವೇ ಹೊತ್ತರು. ಪಕ್ಕದ ಬಾರಂಗಾಯ್‌ನಲ್ಲಿ ಅವರ ಭಾವಮೈದ ಆಗಷ್ಟೇ ವೇಪ್ ಅಂಗಡಿ ತೆರೆದಿದ್ದ. ಎರಡನೆಯ ವಾರ ಡೆಲ್ಯೊ ಗುಜರಿಯಿಂದ ಹಳೇ ಬ್ಯಾಟರಿ ತಂದು ಕೊಟ್ಟ. ಎಲ್ಲವೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವು, ಅಂಗಡಿಯ ಬಾಗಿಲು ತೆರೆಯಿತು. ಮೀಟರುಗಳಿಗೆ ಈಗ ಕಾನೂನಿನಲ್ಲಿ ಬೆಲೆಯಿಲ್ಲದ್ದರಿಂದ ಅವನ ಹಳದಿ ಮೀಟರನ್ನು ಆಟಿಕೆಯೆಂದು ಷರಾ ಬರೆದು ಹಿಂದಿರುಗಿಸಿದರು. ಯಾವುದು ಪೂರ್ತಿ ಸತ್ತಿದೆ ಎಂದು ಮೊದಲೇ ನೋಡಿಕೊಳ್ಳಲು ಅದು ಅವನಿಗೆ ಅನುಕೂಲವಾಯಿತು.

ಅಲ್ಲಿಂದಾಚೆ ಸಾನ್ ತೆಲ್ಮೊದಲ್ಲಿ ಒಂದು ಬ್ಯಾಟರಿಯೂ ಹೊತ್ತಿಕೊಳ್ಳಲಿಲ್ಲ. ಒಂದು ವೇಪೂ ಹೊಗೆಯಾಡಲಿಲ್ಲ. ಗಿರಾಕಿಗಳು ಮೊದಮೊದಲು ಗೊಣಗಿದರು, ಆಮೇಲೆ ಸರ್ಟಿಫಿಕೇಟ್ ನೋಡಿ ಸುಮ್ಮನಾದರು. ಸ್ಟ್ಯಾಂಡಿನಲ್ಲಿ ಟ್ರೈಸಿಕಲ್ ಚಾಲಕರು ಸಾಲಾಗಿ ನಿಂತು ತಣ್ಣನೆಯ ಕೊಳವೆಗಳನ್ನು ಎಳೆದು, ಬಾಯಿ ದುಂಡಗೆ ಮಾಡಿ ಬರೀ ಗಾಳಿಯನ್ನು ಮೇಲಕ್ಕೆ ಬಿಡುತ್ತಿದ್ದರು. ಪ್ರಾಂತ್ಯದ ಅತ್ಯಂತ ಸುರಕ್ಷಿತ ಬಾರಂಗಾಯ್ ಎಂಬ ಫಲಕ ಕಪಿತಾನಾ ಅವರ ಕೈಸೇರಿತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಶಾಲಾ ಶಿಕ್ಷಕಿ ಕೊರಸೋನಿತಾ ಅಂಗಡಿಗೆ ಬಂದು, ಮನಿಲಾದಿಂದ ತಮ್ಮ ಕಳಿಸಿದ ಹೊಸ ಬ್ಯಾಟರಿಯೊಂದನ್ನು ಮುಂದಿಟ್ಟರು. ಡೆಲ್ಯೊ ಹೊದಿಕೆಯ ಮೇಲೆ ಬೆರಳಾಡಿಸಿದ, ಎಲ್ಲೂ ಹರಿದಿರಲಿಲ್ಲ. ತಿರುಗುಣಿಯನ್ನು ಇಪ್ಪತ್ತಕ್ಕಿಟ್ಟು ಕೆಂಪು ಕಡ್ಡಿ ಮೇಲೆ, ಕಪ್ಪು ಕಡ್ಡಿ ಕೆಳಗೆ ಮುಟ್ಟಿಸಿದ. ನಾಲ್ಕು ಪಾಯಿಂಟ್ ಒಂದು ಎಂಟು. ಅವನ ಮುಖ ಸಪ್ಪಗಾಯಿತು.

"ಮೋಸ ಹೋಗಿದೀರಿ ಮೇಡಂ," ಎಂದ. "ಇದು ಕೆಟ್ಟಿದೆ."

ಹಾಗೆ ಹೇಳುವಾಗ ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ. ಶಿಕ್ಷಕಿಗೆ ನಿಜವಾಗಿಯೂ ಬೇಜಾರಾಯಿತು. ಅವರು ಆ ಬ್ಯಾಟರಿಯನ್ನು, ಆಡಳಿತ ಸಭೆ ಅಂಗಡಿಯಲ್ಲಿ ಇರಿಸಿದ್ದ ಜಪ್ತಿ ಡಬ್ಬಿಗೆ ಹಾಕಿ, ಸರ್ಟಿಫಿಕೇಟ್ ಇದ್ದ ಸತ್ತ ಬ್ಯಾಟರಿಯೊಂದನ್ನು ಕೊಂಡು, ಸಮಯಕ್ಕೆ ಸರಿಯಾಗಿ ಎಚ್ಚರಿಸಿದ್ದಕ್ಕೆ ಡೆಲ್ಯೊಗೆ ಕೃತಜ್ಞತೆ ಹೇಳಿ ಶಾಲೆಗೆ ಹೋದರು.