ಉಸಿರೇ ಎಳೆಯದ ಕ್ಲಾರಿನೆಟ್ಟಿನವರ ವಿಚಾರ

ಕ್ಲಾರಿನೆಟ್ ಮತ್ತು ಹಾರ್ಪ್ ಕನ್ಚರ್ಟೊಗಳ ಧ್ವನಿಮುದ್ರಣ ಹೊರತರುವ ಕಂಪನಿಯ ವ್ಯವಸ್ಥಾಪಕರ ದಿವ್ಯ ಸನ್ನಿಧಿಗೆ, ಹಿಂದೂಪುರದಿಂದ

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕ್ಲಾರಿನೆಟ್ ವಿದ್ವಾಂಸರಿಗೂ, ಹಾರ್ಪ್ ಎಂಬ ಆಳೆತ್ತರದ ತಂತಿವಾದ್ಯವನ್ನು ಭುಜಕ್ಕೊರಗಿಸಿಕೊಂಡು ಮೀಟುವ ಆ ಅಮ್ಮನವರಿಗೂ, ಅವರಿಬ್ಬರ ಬೆನ್ನಿಗಿರುವ ಅಷ್ಟೂ ಜನ ಪಿಟೀಲಿನವರಿಗೂ ನಮ್ಮ ಮನೆಮಂದಿಯೆಲ್ಲರ ನಮಸ್ಕಾರಗಳು. ತಮ್ಮ ಸೀಮೆಯಲ್ಲಿ ಚಳಿ ಜಾಸ್ತಿಯಂತೆ. ಎಲ್ಲರೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ತಮ್ಮ ಕೃಪೆಯಿಂದ ಹೋದ ತಿಂಗಳು ನಾವು ಕ್ಷೇಮವಾಗಿರಲಿಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ.

ನಮ್ಮ ಅಪ್ಪ ಸೀತಾರಾಮಪ್ಪನವರು ಮಗ್ಗದ ಮುಂದೆ ಕೂತರೆ ನೇಕಾರರು, ಲಗ್ನದ ಕಾಲ ಬಂದರೆ ಕ್ಲಾರಿನೆಟ್ಟಿನವರು. ಹಿಂದೂಪುರ, ಪರಿಗಿ, ಕಲ್ಯಾಣದುರ್ಗದ ಕಡೆ ಅವರು ಊದದೆ ಯಾರಾದರೂ ತಾಳಿ ಕಟ್ಟಿಸಿಕೊಂಡಿದ್ದರೆ ಅದು ಓಡಿಹೋದವರ ಮದುವೆಯೇ ಇರಬೇಕು. ವಯಸ್ಸಾದಂತೆ ಉಸಿರು ಮೋಟಾಗಿದೆ. ಎರಡು ಸಾಲು ಊದಿದರೆ ನಡುವೆ ಕಮ್ಮಾರನ ಹಳೆಯ ತಿದಿಯ ಹಾಗೆ ಸುಯ್ಯೆಂದು ಗಾಳಿ ಎಳೆಯುತ್ತಾರೆ, ಕೇಳುವ ನಮಗೆ ಅದೂ ಹಾಡಿನ ಜೊತೆಯೇ ಸೇರಿಹೋಗಿತ್ತು. ನನ್ನ ಮಗಳು ಬನಶ್ರೀಯ ಮದುವೆಗೆ ತಾತನದೇ ಗಟ್ಟಿಮೇಳ ಎಂಬುದು ಅವಳು ತೊಟ್ಟಿಲಲ್ಲಿದ್ದಾಗಲೇ ನಿಶ್ಚಯವಾದ ಮಾತು.

ಲಗ್ನಪತ್ರಿಕೆ ಹಂಚುತ್ತಿದ್ದ ಆ ದಿನಗಳಲ್ಲೇ ನನ್ನ ತಮ್ಮ ಉಮಾಶಂಕರನಿಗೆ ಬುದ್ಧಿ ಬಂತು. ಅಪ್ಪ ಖುಷಿಪಡಲಿ ಎಂದು ತಮ್ಮ ಕಂಪನಿಯ ಧ್ವನಿಮುದ್ರಣಗಳನ್ನು, ಅಂದರೆ ಒಬ್ಬಿಬ್ಬರು ವಿದ್ವಾಂಸರು ಮುಂದೆ, ದೊಡ್ಡ ಮೇಳ ಹಿಂದೆ ಇರುವ ಆ ಕನ್ಚರ್ಟೊಗಳನ್ನು, ಫೋನಿಗೆ ಇಳಿಸಿ, ಅವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಮೊದಲು ಬಂದ ಕೊಳಲು-ಹಾರ್ಪು ಜೋಡಿಯ ಕನ್ಚರ್ಟೊ ಮುಗಿಯುವ ತನಕ ಅಪ್ಪ ತಲೆದೂಗಿದರು. ಹಾರ್ಪಿನ ಚಿತ್ರ ನೋಡಿ, "ಈಯಮ್ಮ ಬರೀ ಉದ್ದುದ್ದ ಹಾಸು ಬಿಗ್ದವ್ಳೆ, ಅಡ್ಡ ಹೊಕ್ಕೇ ಇಲ್ಲ ಕಣಮ್ಮ, ಆದ್ರೂ ಎಂಥಾ ಸೀರೆ ನೇಯ್ತಾವ್ಳೆ ನೋಡು!" ಎಂದು ಮೆಚ್ಚಿಕೊಂಡರು. ಆಮೇಲೆ ತಮ್ಮ ಕ್ಲಾರಿನೆಟ್ ವಿದ್ವಾಂಸರು ಬಂದರು. ಅಪ್ಪನ ತಲೆ ನಿಂತುಹೋಯಿತು. ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿ, "ಇವ್ನು ಉಸ್ರು ಎಲ್ಲಿ ತಗಂತಾನ್ಲಾ?" ಎಂದರು. ಸರದಿಯ ಮೇಲೆ ನಾವೆಲ್ಲರೂ ಕಿವಿಯಿಟ್ಟು ಹುಡುಕಿದೆವು. ಮಾನ್ಯರೇ, ಎಲ್ಲೂ ಸಿಗಲಿಲ್ಲ.

"ಉಸ್ರೇ ಎಳೀದೆ ಊದೋರವ್ರೆ ಅಂತ ಗೊತ್ತಿದ್ದಿದ್ರೆ ನಾನ್ಯಾಕೆ ಇದನ್ನ ಮುಟ್ತಿದ್ದೆ? ಇಷ್ಟು ವರ್ಷ ಜನ ನನ್ನ ಏದುಸ್ರು ಕೇಳ್ಕಂಡು ಮರ್ಯಾದೆಗೆ ಸುಮ್ಕಿದ್ರಲ್ಲಮ್ಮ," ಎಂದು ಅಪ್ಪ ಕ್ಲಾರಿನೆಟ್ಟನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಮದುವೆಯಲ್ಲಿ ಊದುವುದಿಲ್ಲ ಎಂದುಬಿಟ್ಟರು. ಅಪ್ಪ ನಾಚಿಕೆಪಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಧ್ವನಿಮುದ್ರಣದೊಳಗಿನ ಉಸಿರನ್ನು ತಾವು ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತೀರೆಂದು ಉಮಾಶಂಕರ ಎಲ್ಲೋ ವಿಚಾರಿಸಿಕೊಂಡು ಬಂದ. ಎಂಥ ಕೈಚಳಕ! ಬದುಕಿರುವ ಮನುಷ್ಯನ ಉಸಿರು ತೆಗೆಯುವುದು ಇಲ್ಲಿಯವರೆಗೆ ಯಮಧರ್ಮರಾಯನೊಬ್ಬನ ಇಲಾಖೆಯಾಗಿತ್ತು, ತಾವು ಅದನ್ನು ನೋವಿಲ್ಲದೆ, ರಾಗ ಕೆಡದಂತೆ ಮಾಡುತ್ತಿರುವುದಕ್ಕೆ ಅಭಿನಂದನೆಗಳು. ಆದರೆ ಅಪ್ಪ ನಂಬಬೇಕಲ್ಲ! "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬ್ಯಾಡ ಹೋಗಲೇ," ಎಂದು ಮಗ್ಗಕ್ಕೆ ಮುಖ ತಿರುಗಿಸಿದರು.

ತಾತ ಊದದಿದ್ದರೆ ತಾನು ತಾಳಿಗೆ ತಲೆಬಾಗುವುದಿಲ್ಲ ಎಂದು ಬನಶ್ರೀ ಹಟ ಹಿಡಿದಳು. ಸೀತಾರಾಮಪ್ಪ ಬದುಕಿರುವಾಗ ಬೇರೆ ಕ್ಲಾರಿನೆಟ್ ಕರೆಸಿದರೆ ತಾನು ಡೋಲಿಗೆ ಕೋಲು ತಾಕಿಸುವುದಿಲ್ಲ ಎಂದು ಅಪ್ಪನ ಜೊತೆಗಾರ ಕದಿರಪ್ಪ ಶಪಥ ಮಾಡಿದ. ನೋಡಿ, ಎಂಥವರ ಮಧ್ಯೆ ತಮ್ಮ ಧ್ವನಿಮುದ್ರಣ ಬಂದು ಬಿತ್ತು! ಕೊನೆಗೆ ಉಮಾಶಂಕರ, "ಅಕ್ಕಾ, ನೀನು ಹೆದರ್ಕಬ್ಯಾಡ, ಗಟ್ಟಿಮೇಳಕ್ಕೆ ಆ ಕೊಳಲು-ಹಾರ್ಪಿನ ಕನ್ಚರ್ಟೋನೇ ಮೈಕ್‌ಸೆಟ್ಟಿಗೆ ಹಾಕ್ಬುಡ್ತೀನಿ, ಎಷ್ಟು ಜನ ಬಾರಿಸ್ತಾರೆ ಅದ್ರಲ್ಲಿ!" ಎಂದ. ಮಗಳನ್ನು ಹೇಗೋ ಒಪ್ಪಿಸಿ ಕಲ್ಯಾಣದುರ್ಗದ ಗಂಡಿನ ಮನೆಯವರ ಮಂಟಪಕ್ಕೆ ಹೊರಟೆವು. ಅಪ್ಪ ಕ್ಲಾರಿನೆಟ್ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದರು. ಕೇಳಿದರೆ, ಮನೆಯಲ್ಲಿ ಬಿಟ್ಟರೆ ಇಲಿ ಕಡಿಯುತ್ತದಂತೆ. ಕದಿರಪ್ಪನೂ ಡೋಲು ಹೊತ್ತುಕೊಂಡೇ ಬಂದ.

ತಮಗೆ ತಿಳಿದಿರಲಿಕ್ಕಿಲ್ಲ, ತಾಳಿ ಕಟ್ಟುವ ಕ್ಷಣದಲ್ಲಿ ಯಾರ ಸೀನೂ, ಯಾರ ಅಪಶಕುನದ ಮಾತೂ ಕಿವಿಗೆ ಬೀಳಬಾರದೆಂದು ಮೇಳದವರು ಮೈಮೇಲೆ ದೇವರು ಬಂದವರಂತೆ ಬಾರಿಸುವುದೇ ಗಟ್ಟಿಮೇಳ. ಅಲ್ಲಿ ಬೇಕಾದದ್ದು ಇಂಪಲ್ಲ, ಗದ್ದಲ. ತಮ್ಮ ಕನ್ಚರ್ಟೊದ ಮೊದಲ ಭಾಗವೇನೋ ಚೆನ್ನಾಗಿಯೇ ಗದ್ದಲ ಮಾಡಿತು. ಆದರೆ ಪುರೋಹಿತರು ಮಂತ್ರ ಎಳೆದರು, ಭಾಗ ಮುಗಿಯಿತು, ಅವರು ಕೈಯೆತ್ತಿ "ಗಟ್ಟಿಮೇಳಂ! ಗಟ್ಟಿಮೇಳಂ!" ಎಂದು ಕೂಗುವ ಹೊತ್ತಿಗೆ ಪಿಟೀಲಿನವರೆಲ್ಲ ಸುಮ್ಮನಾಗಿ ತಮ್ಮ ಹಾರ್ಪಿನ ಅಮ್ಮನವರೊಬ್ಬರೇ ಟಿಣ್, ಟಿಣ್ ಎಂದು ಮಗು ಮಲಗಿಸುವಷ್ಟು ಮೆತ್ತಗೆ ಮೀಟತೊಡಗಿದರು. ಮಂಟಪದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆ ಮೌನದಲ್ಲಿ ನಶ್ಯ ಏರಿಸಿದ್ದ ವರನ ಅಜ್ಜಿ ಚಿನ್ನಕ್ಕನವರು ಸೀನಿದರು.

ಒಂಟಿ ಸೀನು, ಮಾನ್ಯರೇ! ವರನ ಕೈ ತಾಳಿಯೊಂದಿಗೆ ಗಾಳಿಯಲ್ಲೇ ನಿಂತಿತು. "ಮೇಳಂ ಏದಯ್ಯಾ?" ಎಂದು, ಮೇಳ ಎಲ್ಲಿ ಹೋಯಿತೆಂದು ಪುರೋಹಿತರು ತೆಲುಗಿನಲ್ಲಿ ಗದರಿದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮುಂದಿನ ಸಾಲಿನಿಂದ, "ಥೂ, ಉಸ್ರು ಹೋದ್ರೆ ಹೋಗ್ಲಿ ಅತ್ಲಾಗೆ, ಕೂಸಿನ ಮದ್ವೆ ನಿಲ್ಬಾರ್ದು!" ಎಂಬ ಮಾತು ಕೇಳಿತು, ಹಿಂದೆಯೇ ಕ್ಲಾರಿನೆಟ್ ಕೇಳಿತು. ಇದಕ್ಕೇ ಕಾದಿದ್ದವನಂತೆ ಕದಿರಪ್ಪ ಡೋಲಿನ ಮೇಲೆ ಬಿದ್ದ. ಚಿನ್ನಕ್ಕ ಇನ್ನೆರಡು ಸಲ ಸೀನಿದರೆಂದು ಬಾಯಿ ತೆರೆದದ್ದು ನೋಡಿ ತಿಳಿಯಬೇಕಾಯಿತು, ಕಿವಿಗೆ ಬೀಳಲಿಲ್ಲ. ಬನಶ್ರೀಯ ಕೊರಳಿಗೆ ತಾಳಿ ಬಿತ್ತು. ಅಪ್ಪ ನಡುನಡುವೆ ಎಳೆದ ಗಾಳಿ ಮಾತ್ರ ಮೈಕಿನಲ್ಲಿ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಎಲ್ಲ ಸುಖಾಂತವಾಯಿತಲ್ಲ ಎಂದು ತಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಅಪ್ಪ ಈಗಲೂ ಸಂಜೆಯಾದರೆ ಹೆಡ್‌ಫೋನ್ ಹಾಕಿಕೊಂಡು ಆ ವಿದ್ವಾಂಸರ ಉಸಿರು ಹುಡುಕುತ್ತಾರೆ. ಆದ್ದರಿಂದ ದಯಮಾಡಿ, ಮುಂದಿನ ಧ್ವನಿಮುದ್ರಣದಲ್ಲಿ ಆ ಮಹಾನುಭಾವರಿಗೆ ಒಂದೇ ಒಂದು ಸಲವಾದರೂ ಎಲ್ಲರಿಗೂ ಕೇಳುವಂತೆ ಉಸಿರಾಡಲು ಅಪ್ಪಣೆ ಕೊಡಬೇಕು. ಹಾರ್ಪಿನ ಅಮ್ಮನವರ ಭಾಗದಲ್ಲಿ ಸೀನುವವರ ಅನುಕೂಲಕ್ಕೆ ಒಂದು ಡೋಲು ಸೇರಿಸಬೇಕು. ಅದೂ ಆಗದಿದ್ದರೆ ವಿದ್ವಾಂಸರನ್ನೇ ಹಿಂದೂಪುರಕ್ಕೆ ಕಳುಹಿಸಿ, ನಮ್ಮ ಜಗಲಿಯ ಮೇಲೆ ಕೂರಿಸಿ, ಎದೆ ಏರಿಳಿಯುವುದನ್ನು ಅಪ್ಪ ಕಣ್ಣಾರೆ ನೋಡುವಂತೆ ಮಾಡಬೇಕು. ಊಟ, ವಸತಿ ನಮ್ಮದು.

ತಮ್ಮ ಅಚ್ಚುಕಟ್ಟುತನಕ್ಕೆ ಕೈಮುಗಿದು, ಏದುಸಿರು ಬಿಡುತ್ತಲೇ ಬರೆದು ಮುಗಿಸುತ್ತಿರುವ
ತಮ್ಮ ವಿಶ್ವಾಸಿ,
ಧನಲಕ್ಷ್ಮಿ

ಮರೆತ ಮಾತು: ಮದುವೆಯ ವಿಡಿಯೋ ಮಾಡಿದ ಕಲ್ಯಾಣದುರ್ಗದ ಭಾನುಪ್ರಕಾಶ್ ಕೂಡ ತಮ್ಮ ವಿದ್ಯೆ ಕಲಿತಿದ್ದಾರಂತೆ, ತಾಳಿ ಕಟ್ಟುವಾಗಿನ ಆ ಸುಯ್ ಸದ್ದನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೊಡುತ್ತೇನೆ ಎಂದರು. ಬನಶ್ರೀ, "ತಾತನ ಉಸ್ರಿಗೆ ಕೈ ಹಾಕಿದ್ರೆ ನೋಡಣ್ಣ ಮತ್ತೆ!" ಎಂದು ಗದರಿಸಿ ಹಾಗೆಯೇ ಉಳಿಸಿಕೊಂಡಿದ್ದಾಳೆ. ತಮ್ಮಲ್ಲಿ ಹಾಗೆ ಗದರಿಸುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಇರಲಿ, ವಿದ್ವಾಂಸರಿಂದ ಕತ್ತರಿಸಿ ತೆಗೆದ ಉಸಿರುಗಳು ಕಚೇರಿಯ ಯಾವುದಾದರೂ ಮೂಲೆಯಲ್ಲಿ ಬಿದ್ದಿದ್ದರೆ ಗುಡಿಸಿ ಎಸೆಯಬೇಡಿ, ಅಂಚೆಯಲ್ಲಿ ಇತ್ತ ಕಳುಹಿಸಿ. ನಮ್ಮ ಅಪ್ಪನಿಗೆ ಇನ್ನೂ ಕೆಲವು ಮದುವೆಗಳಿವೆ, ಬೇಕಾಗುತ್ತವೆ.