ಖಲ್ಫಾನನ ಗಾಡಿಯಲ್ಲಿ ಸೀಟಿನ ವಿಚಾರ

ಯಾವ ಬಾವಿಯ ಪಕ್ಕದ ಖರ್ಜೂರದ ಗರಿಯ ಗುಡಿಸಲಿನಲ್ಲಿ ತಾವು ಹುಟ್ಟಿದರೋ ಆ ಬಾವಿಯ ಹೆಸರು ಅರ್ಧ ಮಾತ್ರ ನೆನಪಿದ್ದುದರಿಂದ, ಎಪ್ಪತ್ತೆಂಟು ವರ್ಷದ ಜುವೈನಾ ಬಿಂತ್ ಹಿಲಾಲ್ ಅವರು ಸದರಿ ಬಾವಿಯನ್ನು ಖುದ್ದಾಗಿ ನೋಡಿಬರಲು ತೀರ್ಮಾನಿಸಿದರು. ಬೀರ್ ಎಂದರೆ ಬಾವಿ; "ಬೀರ್ ಉಮ್ಮ್…" ಎನ್ನುವವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ನಾಲಿಗೆ ಮರಳಿನಲ್ಲಿ ಹೂತುಹೋಗುತ್ತಿತ್ತು.

ಬಾವಿ ಇರುವುದು ಡಾಂಬರು ಮುಗಿದ ಮೇಲೆ ಒಂಬತ್ತು ಕಿಲೋಮೀಟರ್ ಮರಳಿನಾಚೆ. ಮಗ ಖಲ್ಫಾನನ ಬಳಿ ನಾಲ್ಕೂ ಚಕ್ರ ಎಳೆಯುವ, ಸೀಟೇ ಬೆನ್ನು ಒತ್ತಿಕೊಡುವ ಬಿಳಿ ಐಷಾರಾಮಿ ಗಾಡಿ ಇತ್ತು. ಎರಡು ವರ್ಷಗಳಲ್ಲಿ ಅದು ಕಂಡ ಅತಿ ಒರಟು ನೆಲವೆಂದರೆ ಮಾಲ್‌ನ ಪಾರ್ಕಿಂಗ್.

"ಪಕ್ಕದ ಮನೆಯವನ ಆಡು ಸಾಗಿಸೋ ಪಿಕಪ್ ಇದೆಯಲ್ಲೋ, ಅದರಲ್ಲೇ ಹೋಗಿಬರ್ತೀನಿ," ಎಂದರು ಜುವೈನಾ.

"ಇಂಥ ಗಾಡಿ ಇಟ್ಕೊಂಡು ನಿನ್ನನ್ನ ಆಡಿನ ಜೊತೆ ಕಳಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರಮ್ಮ. ಒಂದು ವಾರ ತಡಿ."

ಆ ಊರಿನ ಮರಳು ವಿಹಾರಿಗಳ ಸಂಘದ ನಿಯಮದಂತೆ, ಸನ್ನದ್ಧತಾ ಪತ್ರವಿಲ್ಲದ ಐಷಾರಾಮಿ ಗಾಡಿ ಡಾಂಬರು ಬಿಡತಕ್ಕದ್ದಲ್ಲ. ಪಿಕಪ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವು ದಿನವೂ ಹೋಗಿಬರುತ್ತವೆ. ಪತ್ರ ಕೊಡುವವರು ಕಾರ್ಯದರ್ಶಿ ಜಾಹಿರ್. ಸಾಮಗ್ರಿ ಮಾರುವ ಅಂಗಡಿಯೂ ಅವರದೇ. ಇವೆರಡಕ್ಕೂ ಸಂಬಂಧವಿಲ್ಲವೆಂದು ನಿಯಮ ಮೂರು ಸ್ಪಷ್ಟಪಡಿಸುತ್ತದೆ, ಆದ್ದರಿಂದ ಸಂಬಂಧವಿರಲಿಲ್ಲ.

ಮರಳಿಗಿಳಿಯುವ ಮುನ್ನ ಟೈರಿನ ಗಾಳಿ ಇಳಿಸಬೇಕು. ಇಳಿಸಿದ್ದನ್ನು ಮತ್ತೆ ತುಂಬಲು ಪಂಪು ಬೇಕು. ಪಂಪಿಗೆ ಎರಡನೆಯ ಬ್ಯಾಟರಿ ಬೇಕು. ಎರಡನೆಯ ಬ್ಯಾಟರಿ ಸುಮ್ಮನೆ ಕೂರಬಾರದಾದ್ದರಿಂದ ಫ್ರಿಜ್ ಬೇಕು. ಫ್ರಿಜ್ ಹಿಂದಿನ ಸೀಟಿಗೆ ಬಂತು. ಹೂತ ಚಕ್ರದಡಿ ತುರುಕುವ ಹಲಗೆ ನಾಲ್ಕು, ಸಲಿಕೆ ಎರಡು, ನೆತ್ತಿಯ ಮೇಲೆ ಡೇರೆ, ಡೇರೆಗೆ ಏಣಿ. ಪ್ರವಾಹದಲ್ಲಿ ಎಂಜಿನ್ ಉಸಿರಾಡಲೆಂದು ಆನೆ ಸೊಂಡಿಲಿನಂಥ ಕೊಳವೆ. ಮಳೆ ಬಂದು ನಾಲ್ಕು ವರ್ಷವಾಗಿತ್ತು. ಆದ್ದರಿಂದ ಯಾವಾಗ ಬೇಕಾದರೂ ಬರಬಹುದಿತ್ತು. ಭಾರಕ್ಕೆ ಗಾಡಿ ಕುಸಿಯಿತು. ಸ್ಪ್ರಿಂಗ್ ಬದಲಿಸಿದರು, ಎದೆಯೆತ್ತರಕ್ಕೆ ಎದ್ದಿತು. ಹತ್ತಲು ಮಡಚುವ ಮೆಟ್ಟಿಲು ಕೊಂಡರು. ಮೆಟ್ಟಿಲು ಇಡಲು ಉಳಿದ ಹಿಂದಿನ ಸೀಟು ಹೋಯಿತು.

ವಾರ ಹೋಗಿ ಹನ್ನೊಂದು ತಿಂಗಳಾಯಿತು.

ತಪಾಸಣೆಯ ದಿನ ಜಾಹಿರ್ ಅಂಗಳದಲ್ಲಿ ಕೂತು ಮೂರು ಲೋಟ ಕಹ್ವಾ ಕಾಫಿ ಕುಡಿದು, ಗಾಡಿಯನ್ನು ಸುತ್ತಿ, ಮೆಚ್ಚಿ ತಲೆಯಾಡಿಸಿದರು. ಜುವೈನಾ ಚಾದರ ಸರಿಪಡಿಸಿಕೊಂಡು ಒಳಗೆ ಇಣುಕಿದರು.

"ನಾನೆಲ್ಲೋ ಕೂರೋದು?"

"ಅಮ್ಮ, ಇಷ್ಟೆಲ್ಲ ಮಾಡಿಸಿದ್ದೇ ನಿನಗೋಸ್ಕರ," ಎಂದ ಖಲ್ಫಾನ್.

"ಪಟ್ಟಿಯಲ್ಲಿ ಪ್ರಯಾಣಿಕರು ಇಲ್ಲ, ಖಾಲಾ," ಎಂದರು ಜಾಹಿರ್, ಚಿಕ್ಕಮ್ಮನೆಂದು ಕರೆಯುವ ವಿನಯದಿಂದ. "ಪ್ರಯಾಣಿಕರು ಅಂದ್ರೆ ಅನಗತ್ಯ ಭಾರ. ನಿಯಮ ಹದಿನಾಲ್ಕು."

"ಮುಂದಿನ ಸೀಟು ಖಾಲಿ ಇದೆಯಲ್ಲ?"

"ಅದು ದಾರಿ ತೋರೋ ಯಂತ್ರಕ್ಕೆ," ಎಂದರು ಜಾಹಿರ್. " ಹಡಗಿನಲ್ಲಿ ಬರ್ತಿದೆ. ನಾಲ್ಕು ತಿಂಗಳು."

"ನಿನ್ನ ಯಂತ್ರಕ್ಕೆ ನಮ್ಮ ಬಾವಿ ಗೊತ್ತೇನಪ್ಪ?"

"ಇಲ್ಲ. ಆ ಬಾವಿ ನಕ್ಷೆಯಲ್ಲೇ ಇಲ್ಲ."

"ಹೆಸರು ಮರೆತಿರಬಹುದು, ದಾರಿ ಮರೆತಿಲ್ಲ ನಾನು. ಆ ಯಂತ್ರದ ಜಾಗಕ್ಕೆ ನನ್ನನ್ನೇ ಬರ್ಕೊಳ್ಳಿ. ಸಾಮಗ್ರಿ ಸೇರಿಸೋ ಅರ್ಜಿ ಇದೆಯಾ?"

ಅರ್ಜಿ ಇತ್ತು. ಸಂಘದಲ್ಲಿ ಅರ್ಜಿ ಇಲ್ಲವೆಂಬ ಮಾತೇ ಇರಲಿಲ್ಲ. ಮೊಮ್ಮಗಳು ರಯ್ಯಾ ಪೆನ್ನು ಹಿಡಿದು ಕೂತಳು.

"ತಯಾರಕರು?"

"ನಮ್ಮಪ್ಪ, ಹಿಲಾಲ್ ಬಿನ್ ಸೈಫ್. ಒಳ್ಳೇ ತಯಾರಿ, ಬರಿ."

"ಇಂಧನ?"

"ಖರ್ಜೂರ."

"ಸದ್ದು ತಗ್ಗಿಸುವ ಗುಂಡಿ ಇದೆಯೇ?"

"ಇಲ್ಲ," ಎಂದ ಖಲ್ಫಾನ್.

ಜಾಹಿರ್ ಎರಡು ಆಕ್ಷೇಪ ಎತ್ತಿದರು. ಒಂದು, ಸದರಿ ಸಾಮಗ್ರಿಯನ್ನು ತಮ್ಮ ಅಂಗಡಿಯಲ್ಲಿ ಕೊಂಡಿಲ್ಲ. ಖಲ್ಫಾನ್ ಜೋಡಣಾ ಶುಲ್ಕಕ್ಕೆ ಒಪ್ಪಿದ್ದರಿಂದ ಅದು ಬಿದ್ದುಹೋಯಿತು. 'ಅನುಮೋದಿತ' ಎಂಬ ಹಸಿರು ಚೀಟಿಯನ್ನು ಜುವೈನಾ ಅವರ ಚಾದರಕ್ಕೆ ಅಂಟಿಸಲಾಯಿತು. ಅವರು ಅದನ್ನು ನೆಟ್ಟಗೆ ಮಾಡಿಕೊಂಡರು.

"ಇನ್ನೊಂದು, ಖಾಲಾ. ಐದು ವರ್ಷಕ್ಕಿಂತ ಹಳೇ ಯಂತ್ರಕ್ಕೆ ಬದಲಿ ಯಂತ್ರ ಜೊತೇಲಿರಬೇಕು. ಆ ಬಾವಿ ದಾರಿ ಬಲ್ಲವರು ಇನ್ಯಾರಿದ್ದಾರೆ?"

ಇದ್ದವಳು ಒಬ್ಬಳೇ: ಎರಡು ಬೀದಿಯಾಚೆಯ ನಾದಿನಿ ನಸ್ರಾ. ಒಂದು ಟಗರಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ.

"ಬೇಡ ಬಿಡಮ್ಮ," ಎಂದ ಖಲ್ಫಾನ್. "ನಾಲ್ಕು ತಿಂಗಳು ತಾನೇ. ಯಂತ್ರ ಬರಲಿ."

ಜುವೈನಾ ಮರಳಿನ ದಿಕ್ಕಿಗೆ ನೋಡಿದರು. ಮಗನನ್ನು ನೋಡಿದರು. ಫ್ರಿಜ್ಜನ್ನೂ ನೋಡಿದರು.

"ಬರಿ ಮಗಳೇ, ನಸ್ರಾ ಬಿಂತ್ ರಾಶಿದ್. ಫ್ರಿಜ್ ಮೇಲೊಂದು ದಿಂಬು ಹಾಕಿ, ಕೂರ್ತಾಳೆ."

ಜಾಹಿರ್ ಎರಡನೆಯ ಹಸಿರು ಚೀಟಿ ಹರಿದುಕೊಟ್ಟರು. ಖಲ್ಫಾನ್ ದಿಂಬು ತರಲು ಒಳಗೆ ಹೋದ.

"ಕೊನೇ ಸಾಲು ಒಂದಿದೆ ಅಜ್ಜಿ. 'ಬಳಕೆಯ ಸೂಚನೆ.'"

"'ಮೊದಲನೆಯದು ಕೆಟ್ಟರೆ ಮಾತ್ರ ಬಾಯಿ ತೆರೆಯತಕ್ಕದ್ದು.' ಹಾಗಂತ ಬರಿ. ದಪ್ಪಕ್ಷರದಲ್ಲಿ ಬರಿ."